ಗೋವಾದ ಉಪ್ಪುನೀರಿಗೆ ಯಾವ ಜಪಾನಿ ವಾಚು?

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಜವಾಗಿ ಸಮುದ್ರಕ್ಕೆ ಇಳಿಯುವವರಿಗೆ ಸಿಟಿಜನ್ ಪ್ರೊಮಾಸ್ಟರ್ ಬಿಎನ್0150, ಅಂದರೆ ಬೆಳಕಿನಲ್ಲಿ ಚಾರ್ಜ್ ಆಗುವ ಇಕೋ-ಡ್ರೈವ್. ವಾರವೆಲ್ಲ ಆಫೀಸು, ಭಾನುವಾರ ಮಾತ್ರ ಬೀಚು ಅನ್ನುವವರಿಗೆ ಓರಿಯಂಟ್ ಕಮಾಸು. ದುಡ್ಡು ಕಮ್ಮಿ, ಆದರೆ ನೀರು ತಡೆಯುವ ವಾಚು ಬೇಕು ಅನ್ನುವವರಿಗೆ ಕ್ಯಾಸಿಯೋ ಡ್ಯೂರೋ. ಸೇಕೋ 5 ಸ್ಪೋರ್ಟ್ಸ್ ಬಹಳ ಚೆಂದದ ವಾಚು, ನನಗೂ ಇಷ್ಟ, ಆದರೆ ಅದು ಡೈವ್ ವಾಚಲ್ಲ. ಈ ಕೊನೆಯ ಮಾತನ್ನು ಕೌಂಟರಿನಲ್ಲಿ ನಿಂತವರು ಬಾಯಿಬಿಟ್ಟು ಹೇಳುವುದು ಅಪರೂಪ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನಿರುವುದು ವಾಸ್ಕೋದಲ್ಲಿ. ಬಂದರಿನಲ್ಲಿ, ಹಡಗಿನ ಕೆಲಸದಲ್ಲಿ, ಬೈನಾ ಕಡೆಯ ಅಂಗಡಿಗಳಲ್ಲಿ ಎಲ್ಲಿ ನೋಡಿದರೂ ಕನ್ನಡದವರು ಸಿಗುತ್ತಾರೆ. ಹಾವೇರಿ, ಗದಗ, ಬಾಗಲಕೋಟೆ ಕಡೆಯವರೇ ಜಾಸ್ತಿ, ಕಾರವಾರದವರೂ ಇದ್ದಾರೆ. ನಮ್ಮದೊಂದು ಗುಂಪು ಬೋಗ್ಮಾಲೋದಲ್ಲಿ ಈಜಲು ಸೇರುತ್ತದೆ. ಅದರಲ್ಲಿ ಕೆಲವರು ಸ್ಕೂಬಾ ಕೋರ್ಸ್ ಮುಗಿಸಿ ಗ್ರ್ಯಾಂಡ್ ಐಲ್ಯಾಂಡ್ ಹತ್ತಿರ ಇಳಿಯುತ್ತಾರೆ, ಒಮ್ಮೊಮ್ಮೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲೂ ಇಳಿಯುತ್ತಾರೆ. ವಾಚುಗಳು ಕೈಯಿಂದ ಕೈಗೆ ಓಡಾಡುತ್ತಿರುತ್ತವೆ. ಇಲ್ಲಿ ಹೇಳುವವುಗಳಲ್ಲಿ ಕೆಲವು ನನ್ನವು, ಕೆಲವು ಗೆಳೆಯರವು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು. ಡಯಲ್ ಸುತ್ತ ತಿರುಗುವ ಬಳೆ, ದಪ್ಪ ಮುಳ್ಳು, ರಬ್ಬರ್ ಬೆಲ್ಟು ಇದ್ದ ಮಾತ್ರಕ್ಕೆ ಡೈವ್ ವಾಚು ಆಗುವುದಿಲ್ಲ. ಇದಕ್ಕೆ ಐಎಸ್‌ಒ 6425 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ವಾಚು ಕನಿಷ್ಠ 100 ಮೀಟರ್ ತಾಳಬೇಕು. ಬರೆದುಕೊಂಡ ಆಳಕ್ಕಿಂತ ಕಾಲು ಭಾಗ ಜಾಸ್ತಿ ಒತ್ತಡದಲ್ಲಿ ಪರೀಕ್ಷೆ ಆಗಬೇಕು, ಅಂದರೆ 200 ಮೀಟರ್ ಅಂತ ಹಾಕಿದ್ದಕ್ಕೆ 250 ಮೀಟರಿನ ಒತ್ತಡ. ಅದೂ ಒಂದೆರಡು ಸ್ಯಾಂಪಲ್ ತೆಗೆದು ನೋಡಿದರೆ ಸಾಲದು, ಒಂದೊಂದು ವಾಚೂ ಪರೀಕ್ಷೆ ದಾಟಿ ಬರಬೇಕು. ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಕಾಣಬೇಕು, ವಾಚು ನಡೆಯುತ್ತಿದೆಯಾ ಇಲ್ಲವಾ ಅನ್ನುವುದೂ ಗೊತ್ತಾಗಬೇಕು. ಉಪ್ಪುನೀರು, ಪೆಟ್ಟು, ಅಯಸ್ಕಾಂತ ಎಲ್ಲಕ್ಕೂ ಬೇರೆ ಬೇರೆ ಪರೀಕ್ಷೆ. ಇಷ್ಟು ಪಾಸಾದದ್ದರ ಡಯಲ್ ಮೇಲೆ ‘ಡೈವರ್ಸ್ 200 ಮೀ’ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಬರೀ ‘ವಾಟರ್ ರೆಸಿಸ್ಟ್ 200 ಮೀ’ ಅಂತಿದ್ದರೆ ಅದು ಕೆಟ್ಟದ್ದು ಅಂತಲ್ಲ, ಆದರೆ ಆ ಪೂರ್ತಿ ಪರೀಕ್ಷೆಯ ಮಾತನ್ನು ಕಂಪನಿ ಕೊಟ್ಟಿಲ್ಲ ಅಂತ ಅರ್ಥ.

ಹಾಗಂತ ಗಾಬರಿ ಬೇಡ. 200 ಮೀಟರ್ ಆಳಕ್ಕೆ ನಾವ್ಯಾರೂ ಹೋಗುವುದಿಲ್ಲ. ಮೊದಲ ಹಂತದ ಸ್ಕೂಬಾ ಕೋರ್ಸ್ ಮುಗಿಸಿದವರಿಗೆ 18 ಮೀಟರ್, ಮುಂದಿನ ಹಂತಕ್ಕೆ 30, ಮನರಂಜನೆಗೆ ಡೈವ್ ಮಾಡುವವರ ಗಡಿಯೇ 40 ಮೀಟರ್. ಪ್ರವಾಸಿಗಳನ್ನು ಕೈಹಿಡಿದು ಇಳಿಸುವ ಡೈವ್‌ಗಳು 12 ಮೀಟರ್ ಒಳಗೇ ಮುಗಿಯುತ್ತವೆ. ಹಾಗಾದರೆ ಅಷ್ಟು ದೊಡ್ಡ ಸಂಖ್ಯೆ ಯಾಕೆ? ಆ ಸಂಖ್ಯೆ ಹೊಸ ವಾಚಿಗೆ, ನೀರು ಒಳಗೆ ಹೋಗದಂತೆ ತಡೆಯುವ ಹೊಸ ರಬ್ಬರ್ ರಿಂಗಿಗೆ ಸೇರಿದ್ದು. ಬಿಸಿಲು, ಬೆವರು, ಉಪ್ಪು ಕುಡಿದು ಆ ರಿಂಗುಗಳು ವರ್ಷವರ್ಷ ಗಟ್ಟಿಯಾಗುತ್ತಾ ಹೋಗುತ್ತವೆ. ಗೋವಾದಲ್ಲಿ ಮನೆಯೊಳಗೆ ಇಟ್ಟ ಕತ್ತರಿಗೇ ತುಕ್ಕು ಹಿಡಿಯುತ್ತದೆ, ವಾಚಿನ ಗತಿ ಕೇಳಬೇಕೇ. ಶುರುವಿನಲ್ಲೇ ಕೈಯಲ್ಲಿ ಒಂದಿಷ್ಟು ಜಾಸ್ತಿ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಈಗ ಸೇಕೋ. ಇದರ ಕಥೆ ದೊಡ್ಡದು, ಪ್ರೀತಿಯೂ ದೊಡ್ಡದು. ಜಪಾನಿನ ಮೊದಲ ಡೈವ್ ವಾಚು ಮಾಡಿದವರೇ ಇವರು, 1965ರಲ್ಲಿ, 150 ಮೀಟರಿನದು. 1968ರಲ್ಲಿ ಆಳಸಮುದ್ರದ ಕೆಲಸಗಾರರೊಬ್ಬರು ನಿಮ್ಮ ವಾಚು ನಮ್ಮ ಕೆಲಸಕ್ಕೆ ತಾಳುತ್ತಿಲ್ಲ ಅಂತ ಕಂಪನಿಗೆ ಪತ್ರ ಬರೆದರು. ಅದನ್ನು ಹಿಡಿದು ಏಳು ವರ್ಷ ಕೂತು 1975ರಲ್ಲಿ 600 ಮೀಟರಿನ ಟೈಟಾನಿಯಂ ವಾಚು ತಂದರು. ಅಲೆ ಅಲೆಯಾಗಿ ಮಡಿಕೆ ಇರುವ ಆ ರಬ್ಬರ್ ಬೆಲ್ಟು ಇದೆಯಲ್ಲ, ಅದೂ ಆಗ ಬಂದದ್ದೇ. ಅದು ಶೋಕಿಗೆ ಅಲ್ಲ. ಆಳಕ್ಕೆ ಹೋದಂತೆ ಒತ್ತಡಕ್ಕೆ ಡೈವಿಂಗ್ ಸೂಟು ತೆಳ್ಳಗಾಗುತ್ತದೆ, ಮೇಲೆ ಬಿಗಿಯಾಗಿ ಕಟ್ಟಿದ ವಾಚು ಕೆಳಗೆ ಸಡಿಲವಾಗಿ ತೂಗಾಡುತ್ತದೆ. ಮಡಿಕೆ ಇದ್ದರೆ ಬೆಲ್ಟು ತಾನೇ ಹಿಗ್ಗಿ ಕುಗ್ಗಿ ಕೈ ಹಿಡಿದುಕೊಳ್ಳುತ್ತದೆ. ಇಂಥ ಯೋಚನೆಗೇ ನಾನು ಈ ಜಪಾನಿಗಳ ಅಭಿಮಾನಿ ಆಗಿರುವುದು.

1996ರಲ್ಲಿ ಬಂದ ಎಸ್‌ಕೆಎಕ್ಸ್007 ಕಡಿಮೆ ಬೆಲೆಯ ಡೈವ್ ವಾಚುಗಳಿಗೆ ಅಳತೆಗೋಲು ಆಗಿತ್ತು. ನಿಜವಾದ 200 ಮೀಟರ್ ಡೈವರ್ಸ್, ಸ್ಕ್ರೂ ಆಗುವ ಕ್ರೌನ್ (ಸಮಯ ಹೊಂದಿಸುವ ಪಕ್ಕದ ಗುಂಡಿ), ನಾಲ್ಕರ ಜಾಗದಲ್ಲಿ ಆ ಕ್ರೌನ್, ಒಳಗೆ 7ಎಸ್26 ಅನ್ನುವ ಗಟ್ಟಿಮುಟ್ಟಾದ ಆಟೋಮ್ಯಾಟಿಕ್ ಮಷೀನು, ಅಂದರೆ ಕೈ ಅಲ್ಲಾಡಿದಂತೆ ತಾನೇ ಕೀ ಆಗುವಂಥದ್ದು. ಕೈಯಿಂದ ಕೀ ಕೊಡಲು ಆಗುವುದಿಲ್ಲ, ಸೆಕೆಂಡ್ ಮುಳ್ಳು ನಿಲ್ಲಿಸಿ ಸಮಯ ಹೊಂದಿಸಲೂ ಆಗುವುದಿಲ್ಲ, ಆದರೂ ಜನ ಬಿಡಲಿಲ್ಲ. 2019ರಲ್ಲಿ ಅದನ್ನು ನಿಲ್ಲಿಸಿದರು. ಅದೇ ವರ್ಷ ಅದೇ ಮುಖ, ಅದೇ 42.5 ಮಿಲಿಮೀಟರ್ ಅಗಲ ಇಟ್ಟುಕೊಂಡು ಸೇಕೋ 5 ಸ್ಪೋರ್ಟ್ಸ್ ಎಸ್‌ಆರ್‌ಪಿಡಿ ಸಾಲು ಬಂತು. ಮಷೀನು ಮೇಲಾಯಿತು: 4ಆರ್36, ಕೀ ಕೊಡಬಹುದು, ಸೆಕೆಂಡ್ ಮುಳ್ಳು ನಿಲ್ಲುತ್ತದೆ, ಪೂರ್ತಿ ಕೀ ಇದ್ದರೆ 41 ಗಂಟೆ ಓಡುತ್ತದೆ. ಹಿಂದುಗಡೆ ಗಾಜು ಹಾಕಿ ಒಳಗಿನ ಮಷೀನೂ ಕಾಣಿಸಿದರು. ಆದರೆ ನೀರಿನ ತಾಳಿಕೆ 100 ಮೀಟರಿಗೆ ಇಳಿಯಿತು, ಕ್ರೌನ್ ಸ್ಕ್ರೂ ಆಗುವುದಿಲ್ಲ, ಸುಮ್ನೆ ಒತ್ತಿದರೆ ಕೂರುತ್ತದೆ, ಡಯಲ್ ಮೇಲೆ ಡೈವರ್ಸ್ ಅನ್ನುವ ಮಾತಿಲ್ಲ. ಈಜಬಹುದು, ಮಳೆಯಲ್ಲಿ ನೆನೆಯಬಹುದು, ನೀರಿನ ಮೇಲೆ ಮುಖವಾಡ ಹಾಕಿ ಮೀನು ನೋಡಬಹುದು. ಸಿಲಿಂಡರ್ ಕಟ್ಟಿಕೊಂಡು ಕೆಳಗೆ ಹೋಗುವ ಕೆಲಸಕ್ಕೆ ಅದನ್ನು ಕಂಪನಿಯೇ ಮಾಡಿಲ್ಲ.

ಪಣಜಿಯ ಒಂದು ಅಂಗಡಿಯಲ್ಲಿ ನನ್ನೆದುರಿಗೇ ಒಬ್ಬ ಹುಡುಗನಿಗೆ ಇದನ್ನೇ ‘ಡೈವಿಂಗ್ ವಾಚ್’ ಅಂತ ಹೇಳಿ ತೋರಿಸುತ್ತಿದ್ದರು. ಅವನು ಕೇಳಿದ್ದೂ ಗ್ರ್ಯಾಂಡ್ ಐಲ್ಯಾಂಡಿಗೆ ಹೋಗುತ್ತೇನೆ ಅಂತಲೇ. ಇದು ಸಣ್ಣ ವಿಷಯ ಅಲ್ಲ. ವಾಚು ಹೋದರೆ ದುಡ್ಡು ಮಾತ್ರ ಹೋಗುತ್ತದೆ ನಿಜ, ಆದರೆ ಅದು ಒಬ್ಬರ ಒಂದು ತಿಂಗಳ ಸಂಬಳದ ದೊಡ್ಡ ಪಾಲು. ಸೇಕೋದಲ್ಲೇ ಡೈವ್ ವಾಚು ಬೇಕು ಅಂದರೆ ಪ್ರೋಸ್ಪೆಕ್ಸ್ ಸಾಲಿಗೆ ಹೋಗಬೇಕು. ಆಮೆಯ ಚಿಪ್ಪಿನ ಹಾಗೆ ಗುಂಡಗಿರುವ ‘ಟರ್ಟಲ್’ ಎಸ್‌ಆರ್‌ಪಿಇ93 ಅದರಲ್ಲಿ ನನ್ನ ಮೆಚ್ಚಿನದು. 45 ಮಿಲಿಮೀಟರ್ ಅಂತ ಕೇಳಿ ಹೆದರಬೇಡಿ, ಮೇಲಿಂದ ಕೆಳಗೆ ಉದ್ದ ಕಮ್ಮಿ ಇರುವುದರಿಂದ ಕೈಮೇಲೆ ಅಷ್ಟು ದೊಡ್ಡದು ಅನ್ನಿಸುವುದಿಲ್ಲ. ಬೆಲೆ ಮಾತ್ರ ಇಲ್ಲಿ ಹೇಳಿದ ಬೇರೆ ವಾಚುಗಳಿಗಿಂತ ಜಾಸ್ತಿ, ಆ ದುಡ್ಡಿಗೆ ಗಾಜು ಸಫೈರ್ ಅಲ್ಲ ಅನ್ನುವುದು ನನಗೆ ಒಪ್ಪಿಗೆ ಆಗಿಲ್ಲ. ಕೈ ಸಣ್ಣ ಇದ್ದು ಡೈವ್ ಬೇಕಿಲ್ಲ, ನೋಟ ಮಾತ್ರ ಬೇಕು ಅನ್ನುವವರಿಗೆ 2023ರಲ್ಲಿ ಬಂದ 38 ಮಿಲಿಮೀಟರಿನ ಸೇಕೋ 5 ಬಹಳ ಚೆನ್ನಾಗಿ ಕೂರುತ್ತದೆ.

ಗಾಜಿನ ವಿಷಯ ಬಂತಲ್ಲ, ಬೀಚಿನ ಊರಿನಲ್ಲಿ ಇರುವವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಸಮುದ್ರದ ಮರಳಿನಲ್ಲಿ ಜಾಸ್ತಿ ಇರುವುದು ಸ್ಫಟಿಕ ಶಿಲೆಯ ಹರಳು. ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಅದು 7. ಸಾಮಾನ್ಯ ಮಿನರಲ್ ಗಾಜು ಅದಕ್ಕಿಂತ ಕೆಳಗೆ, ಸಫೈರ್ 9. ಅಂದರೆ ಮರಳು ಮೆತ್ತಿದ ಟವೆಲಿನಿಂದ ಒರೆಸಿದರೆ ಮಿನರಲ್ ಗಾಜಿಗೆ ಗೀರು ಬೀಳುತ್ತದೆ, ಸಫೈರಿಗೆ ಬೀಳುವುದಿಲ್ಲ. ಸೇಕೋದ ಹಾರ್ಡ್‌ಲೆಕ್ಸ್ ಕೂಡ ಗಟ್ಟಿ ಮಾಡಿದ ಮಿನರಲ್ ಗಾಜೇ. ಆದರೆ ಬೋಟಿನ ಕಬ್ಬಿಣಕ್ಕೆ ಜೋರಾಗಿ ಬಡಿದರೆ ಸಫೈರ್ ಸಿಡಿಯುವ ಸಾಧ್ಯತೆ ಜಾಸ್ತಿ, ಮಿನರಲ್ ತಡೆದುಕೊಳ್ಳುತ್ತದೆ. ಬಂದರಿನಲ್ಲಿ ಕೈಕೆಲಸ ಮಾಡುವ ಗೆಳೆಯರಿಗೆ ಅದಕ್ಕೇ ನಾನು ಸಫೈರ್ ಅಂತ ಒತ್ತಾಯ ಮಾಡುವುದಿಲ್ಲ.

ಓರಿಯಂಟ್ ಕಮಾಸು ಗೆಲ್ಲುವುದು ಇಲ್ಲಿ. ಆ ಬೆಲೆಯಲ್ಲಿ ಸಫೈರ್ ಗಾಜು, 200 ಮೀಟರ್, ಸ್ಕ್ರೂ ಕ್ರೌನ್, ಕಂಪನಿಯ ಸ್ವಂತ ಎಫ್6922 ಆಟೋಮ್ಯಾಟಿಕ್. ಕೀ ಕೊಡಬಹುದು, ಸೆಕೆಂಡ್ ನಿಲ್ಲುತ್ತದೆ, ದಿನಾಂಕ, ವಾರ ಎರಡೂ ಇವೆ. ಅಗಲ 41.8, ದಪ್ಪ 12.8 ಮಿಲಿಮೀಟರ್, ಶರ್ಟಿನ ತೋಳಿನ ಒಳಗೆ ಸಲೀಸಾಗಿ ಹೋಗುತ್ತದೆ. ದಿನಕ್ಕೆ 25 ಸೆಕೆಂಡ್ ಮುಂದೆ ಅಥವಾ 15 ಸೆಕೆಂಡ್ ಹಿಂದೆ ಅನ್ನುವುದು ಕಂಪನಿ ಹೇಳುವ ಮಿತಿ. ಸೇಕೋ 4ಆರ್36ಕ್ಕೆ ಅದೇ ಮಿತಿ 45 ಮುಂದೆ, 35 ಹಿಂದೆ. ಓರಿಯಂಟ್ ಈಗ ಸೇಕೋ ಎಪ್ಸನ್ ಕೈಯಲ್ಲೇ ಇದೆ, ಆದರೂ ಮಷೀನು ಅದರದೇ. ಕೆಂಪು ಡಯಲಿನದನ್ನು ಒಮ್ಮೆ ಬಿಸಿಲಿನಲ್ಲಿ ನೋಡಿ. ಫೋಟೋದಲ್ಲಿ ಆ ಬಣ್ಣ ಬರುವುದೇ ಇಲ್ಲ.

ಕೊರತೆಯೂ ಇದೆ. ಡಯಲ್ ಸುತ್ತಲಿನ ಬಳೆಯನ್ನು, ಅಂದರೆ ಬೆಜೆಲ್ ಅನ್ನು, ಒದ್ದೆ ಕೈಯಲ್ಲಿ ತಿರುಗಿಸುವುದು ಕಷ್ಟ, ಬೆರಳು ಜಾರುತ್ತದೆ. ಸ್ಟೀಲ್ ಚೈನು ಹಗುರ, ವಾಚಿಗೆ ಸೇರುವ ಜಾಗದಲ್ಲಿ ಟೊಳ್ಳು, ಅಲ್ಲಾಡಿಸಿದರೆ ಸದ್ದು ಮಾಡುತ್ತದೆ. 22 ಮಿಲಿಮೀಟರಿನ ಒಳ್ಳೆಯ ರಬ್ಬರ್ ಅಥವಾ ನೈಲಾನ್ ಬೆಲ್ಟು ಹಾಕಿಸಿದರೆ ಬೇರೆಯೇ ವಾಚು ಆಗುತ್ತದೆ. ಡಯಲ್ ಮೇಲೆ ಇರುವುದು ವಾಟರ್ ರೆಸಿಸ್ಟ್, ಡೈವರ್ಸ್ ಅಲ್ಲ. ಈ ಕಾರಣಗಳಿಗಾಗಿಯೇ ಅದನ್ನು ಮೊದಲ ಸ್ಥಾನದಲ್ಲಿ ಇಡಲಿಲ್ಲ.

ಬೆಜೆಲ್ ಯಾಕೆ ಅಷ್ಟು ಮುಖ್ಯ ಅಂತ ಕೇಳಬಹುದು. ನೀರಿಗೆ ಇಳಿಯುವಾಗ ಅದರ ತ್ರಿಕೋನವನ್ನು ನಿಮಿಷದ ಮುಳ್ಳಿನ ಎದುರಿಗೆ ತಂದು ಇಡುತ್ತೀರಿ. ಆಮೇಲೆ ಮುಳ್ಳು ಎಷ್ಟು ಮುಂದೆ ಹೋಗಿದೆಯೋ ಅಷ್ಟು ನಿಮಿಷ ಕಳೆದಿದೆ ಅಂತ ನೇರವಾಗಿ ಓದಬಹುದು. ಅದು ಒಂದೇ ದಿಕ್ಕಿಗೆ ತಿರುಗುತ್ತದೆ. ಎಲ್ಲಾದರೂ ತಾಗಿ ತಿರುಗಿದರೂ ಕಳೆದ ಸಮಯ ಜಾಸ್ತಿ ಅಂತ ತೋರಿಸುತ್ತದೆಯೇ ಹೊರತು ಕಮ್ಮಿ ಅಂತ ತೋರಿಸುವುದಿಲ್ಲ. ನೀವು ಬೇಗ ಮೇಲೆ ಬರುತ್ತೀರಿ, ಗಾಳಿ ಉಳಿದಿರುತ್ತದೆ. ಈಗ ಎಲ್ಲರ ಕೈಯಲ್ಲೂ ಆಳ, ಸಮಯ ಲೆಕ್ಕ ಹಾಕುವ ಡೈವ್ ಕಂಪ್ಯೂಟರ್ ಇರುತ್ತದೆ, ವಾಚು ಬದಲಿ ವ್ಯವಸ್ಥೆ ಅಷ್ಟೇ. ಆದರೆ ಬದಲಿ ವ್ಯವಸ್ಥೆಯೇ ಜಾರುತ್ತಿದ್ದರೆ ಅದರಿಂದ ಏನು ಉಪಯೋಗ? ಇದು ಡೈವಿಂಗಿಗೆ ಮಾತ್ರ ಬರುವುದೂ ಅಲ್ಲ. ಪಾರ್ಕಿಂಗ್, ಅನ್ನದ ಕುಕ್ಕರ್, ದೋಣಿ ವಾಪಸ್ ಬರುವ ಹೊತ್ತು, ಎಲ್ಲಕ್ಕೂ ನಾನು ಬೆಜೆಲ್ ತಿರುಗಿಸುತ್ತೇನೆ.

ಗೋವಾದ ನೀರಿನ ಬಗ್ಗೆಯೂ ಹೇಳಬೇಕು. ನೇತ್ರಾಣಿಯ ಹಾಗೆ ತಿಳಿನೀರು ಇಲ್ಲಿ ಸಿಗುವುದು ಕಮ್ಮಿ, ಗ್ರ್ಯಾಂಡ್ ಐಲ್ಯಾಂಡ್ ಸುತ್ತ ಮಬ್ಬೇ ಜಾಸ್ತಿ. ಅಂಥ ನೀರಿನಲ್ಲಿ ಡಯಲ್ ನೋಡಿದ ಕೂಡಲೇ ಕಾಣಬೇಕು. ನಮ್ಮ ಕಡೆ ಇನ್ನೂ ‘ರೇಡಿಯಂ’ ಅಂತಲೇ ಕರೆಯುವ ಆ ಹೊಳೆಯುವ ಬಣ್ಣದಲ್ಲಿ ಈಗ ರೇಡಿಯಂ ಇಲ್ಲ, ಬೆಳಕು ಕುಡಿದು ಕತ್ತಲಲ್ಲಿ ಬಿಡುವ ಬೇರೆ ವಸ್ತು ಅದು. ಸೇಕೋ, ಸಿಟಿಜನ್ ಎರಡೂ ಇದರಲ್ಲಿ ಧಾರಾಳ. ಕಮಾಸು ಪರವಾಗಿಲ್ಲ. ಡ್ಯೂರೋ ಇದರಲ್ಲೇ ಹಿಂದೆ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಮಂಕಾಗುತ್ತದೆ.

ಡ್ಯೂರೋ ಬಗ್ಗೆ ಬೇರೆ ದೂರು ನನಗಿಲ್ಲ. ಹತ್ತು ಸಾವಿರದೊಳಗೆ ಮುಗಿಯುತ್ತದೆ, ಹುಡುಕಿದರೆ ಇನ್ನೂ ಕಮ್ಮಿಗೆ ಸಿಗುತ್ತದೆ. ಆ ದುಡ್ಡಿಗೆ 200 ಮೀಟರ್, ಸ್ಕ್ರೂ ಕ್ರೌನ್, ಸ್ಟೀಲ್ ಮೈ, ಒಂದೇ ದಿಕ್ಕಿಗೆ ತಿರುಗುವ ಬೆಜೆಲ್. ಬಿಲ್ ಗೇಟ್ಸ್ ಕೈಯಲ್ಲಿ ಇದೇ ವಾಚು ಫೋಟೋಗಳಲ್ಲಿ ಕಂಡಿದೆ. ಸೆಲ್ ಹಾಕಿದ ಕ್ವಾರ್ಟ್ಸ್, ತಿಂಗಳಿಗೆ 20 ಸೆಕೆಂಡ್ ಆಚೀಚೆ. ಆಟೋಮ್ಯಾಟಿಕ್ ಒಂದು ದಿನದಲ್ಲಿ ತಪ್ಪುವಷ್ಟನ್ನು ಇದು ಒಂದು ತಿಂಗಳಲ್ಲಿ ತಪ್ಪುತ್ತದೆ. ಅಗಲ 44.2, ಉದ್ದ 48.5 ಮಿಲಿಮೀಟರ್, ತೆಳ್ಳಗಿನ ಮಣಿಕಟ್ಟಿಗೆ ದೊಡ್ಡದು. ಹಾಕಿ ನೋಡದೆ ತರಿಸಬೇಡಿ. ಜೊತೆಗೆ ಬರುವ ಬೆಲ್ಟು ಬಿರುಸು, ಅದನ್ನು ಮೊದಲ ದಿನವೇ ಬದಲಾಯಿಸಿ. ಬಂದರಿನ ಗೆಳೆಯರಲ್ಲಿ ಜಾಸ್ತಿ ಕೈಗಳಲ್ಲಿ ಇರುವುದು ಇದೇ. ಗ್ರೀಸು, ಬೆವರು, ಉಪ್ಪು ಯಾವುದಕ್ಕೂ ಅದು ಜಗ್ಗಿಲ್ಲ.

ಇದರ ಒಂದೇ ತೊಂದರೆ ಸೆಲ್. ಸುಮಾರು ಮೂರು ವರ್ಷಕ್ಕೊಮ್ಮೆ ಹಿಂದಿನ ಮುಚ್ಚಳ ತೆಗೆಯಬೇಕು. ಮಡಗಾಂವಿನಲ್ಲಿ ನಾನು ಹೋಗುವ ರಿಪೇರಿಯವರು ಹುಬ್ಬಳ್ಳಿ ಕಡೆಯವರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಅಣ್ಣಾರ, ಮುಚ್ಚಳ ತಗದ್ಮ್ಯಾಗ ರಬ್ಬರ್ ಹೊಸಾದ ಹಾಕ್ಬೇಕ್ರಿ. ಹಳೇದ ಹಾಕಿ ಕೊಟ್ರ ನೀರಿಂದು ಗ್ಯಾರಂಟಿ ನಾ ಕೊಡಂಗಿಲ್ಲ.” ರಸ್ತೆ ಬದಿಯಲ್ಲಿ ಐದು ನಿಮಿಷದಲ್ಲಿ ಸೆಲ್ ಹಾಕಿ ಕೊಡುವವರಲ್ಲಿ ಎಷ್ಟು ಜನ ಹೀಗೆ ಹೇಳುತ್ತಾರೆ? ಸೆಲ್ ಹಾಕಿಸಿದ ಮೇಲೆ ಒತ್ತಡದ ಪರೀಕ್ಷೆ ಮಾಡುವ ಯಂತ್ರ ಇರುವ ಸರ್ವಿಸ್ ಸೆಂಟರಿಗೆ ಕೊಡಿ. ಅದು ಆಗುವವರೆಗೆ ಆ ವಾಚನ್ನು ಕೈತೊಳೆಯುವ ನೀರಿನಷ್ಟಕ್ಕೇ ಇಡಿ.

ಈಗ ನಾನು ಮೊದಲು ಇಟ್ಟ ಸಿಟಿಜನ್. ಕನ್ನಡದವರಿಗೆ ಇದು ಹೊರಗಿನ ಹೆಸರೇ ಅಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾದದ್ದೇ ಸಿಟಿಜನ್ ಸಹಕಾರದಲ್ಲಿ. ನಮ್ಮ ಹಿರಿಯರು ಮದುವೆಗೆ, ನಿವೃತ್ತಿಗೆ ಕಟ್ಟಿಸಿಕೊಂಡ ಎಚ್‌ಎಂಟಿಗಳ ಬೇರು ಅಲ್ಲಿದೆ. ಆ ಕಾರಣಕ್ಕೆ ಕೊಳ್ಳಿ ಅಂತ ಹೇಳುತ್ತಿಲ್ಲ, ಆದರೆ ಕೈಗೆ ಕಟ್ಟಿದಾಗ ನನಗಂತೂ ಒಂದು ಖುಷಿ ಇದೆ.

ಬೆಳಕಿನಿಂದ ಓಡುವ ಮುಳ್ಳಿನ ವಾಚನ್ನು ಸಿಟಿಜನ್ 1976ರಲ್ಲೇ ಮಾಡಿತ್ತು. ಬಿಎನ್0150 ಒಳಗಿನ ಇ168 ಮಷೀನು ಪೂರ್ತಿ ಚಾರ್ಜ್ ಆದರೆ ಕತ್ತಲಲ್ಲೂ ಸುಮಾರು ಆರು ತಿಂಗಳು ಓಡುತ್ತದೆ. ತಿಂಗಳಿಗೆ 15 ಸೆಕೆಂಡ್ ಆಚೀಚೆ. ಚಾರ್ಜ್ ಇಳಿದರೆ ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡಿಗೆ ಹಾರಿ ಎಚ್ಚರಿಸುತ್ತದೆ, ಆಗ ಕಿಟಕಿ ಹತ್ತಿರ ಇಟ್ಟರಾಯಿತು. ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಲಾಭ ಕಾಣುವುದು ಇನ್ನೊಂದು: ಸೆಲ್ ಬದಲಾಯಿಸಲು ಅಂತ ಪದೇ ಪದೇ ಮುಚ್ಚಳ ತೆಗೆಯುವ ಹಾಗಿಲ್ಲ. ಕಂಪನಿಯವರು ಕೂರಿಸಿದ ರಬ್ಬರ್ ರಿಂಗು ಕೂತಲ್ಲೇ ಇರುತ್ತದೆ. ನೀರು ಒಳಗೆ ಹೋಗುವುದು ಬಹಳ ಸಲ ತೆಗೆದು ಹಾಕಿದ ಜಾಗದಿಂದಲೇ ಅಲ್ವಾ? ಡಯಲ್ ಮೇಲೆ ಡೈವರ್ಸ್ 200 ಮೀಟರ್, ಒದ್ದೆ ಕೈಗೂ ಸಿಗುವ ಬೆಜೆಲ್, ನಾಲ್ಕರ ಜಾಗದ ಕ್ರೌನ್ ಕೈ ಬಗ್ಗಿಸಿದಾಗ ಚುಚ್ಚುವುದಿಲ್ಲ. ಎಷ್ಟು ಆಳದಲ್ಲಿ ಎಷ್ಟು ನಿಮಿಷ ಇರಬಹುದು ಅನ್ನುವ ಪಟ್ಟಿಯನ್ನು ಬೆಲ್ಟಿನ ಮೇಲೇ ಅಚ್ಚು ಹಾಕಿದ್ದಾರೆ. ಈಗ ಯಾರೂ ಅದನ್ನು ನೋಡಿ ಡೈವ್ ಮಾಡುವುದಿಲ್ಲ, ಆದರೂ ಯಾರಿಗಾಗಿ ಮಾಡಿದ ವಾಚು ಅಂತ ಅದು ಹೇಳುತ್ತದೆ. ಗಾಜು ಮಿನರಲ್, ಅದೊಂದೇ ಬೇಸರ. ಬೆಲ್ಟೂ ಮೊದಮೊದಲು ಗಟ್ಟಿ ಅನ್ನಿಸುತ್ತದೆ, ಆಮೇಲೆ ಸರಿಹೋಗುತ್ತದೆ.

ಸೆಲ್ಲು, ಬೆಳಕು ಯಾವುದೂ ಬೇಡ, ಒಳಗೆ ಚಕ್ರ ತಿರುಗಬೇಕು ಅನ್ನುವವರು ಇದ್ದಾರೆ. ಅವರಿಗೆ ಸಿಟಿಜನ್ನಿನದೇ ಎನ್‌ವೈ0040. 42 ಮಿಲಿಮೀಟರ್, ಡೈವರ್ಸ್ 200 ಮೀಟರ್, ಕ್ರೌನ್ ಎಡಗಡೆ ಎಂಟರ ಜಾಗದಲ್ಲಿ. ನೋಡಲು ವಿಚಿತ್ರ, ಕಟ್ಟಿದರೆ ಹಾಯಾಗಿರುತ್ತದೆ. ಕೈಯಿಂದ ಕೀ ಕೊಡಬಹುದು, ಸೆಕೆಂಡ್ ಮುಳ್ಳು ಮಾತ್ರ ನಿಲ್ಲುವುದಿಲ್ಲ. ಎಸ್‌ಕೆಎಕ್ಸ್ ಹೋಯಿತಲ್ಲ ಅಂತ ಕೊರಗುವವರಿಗೆ ನಾನು ತೋರಿಸುವುದು ಇದನ್ನೇ.

ಹಳೇ ಎಸ್‌ಕೆಎಕ್ಸ್ ಸೆಕೆಂಡ್ ಹ್ಯಾಂಡ್ ಹುಡುಕುವವರು ಹುಷಾರಾಗಿರಬೇಕು. ನಿಂತುಹೋದ ಮೇಲೆ ಅದರ ಬೆಲೆ ಏರಿದೆ, ಹೊರಗಿನ ಡಯಲ್, ಹೊರಗಿನ ಮುಳ್ಳು, ಹೊರಗಿನ ಬೆಜೆಲ್ ಕೂಡಿಸಿ ಮಾರುವವರೂ ಇದ್ದಾರೆ. ಬಣ್ಣ ಹೊಡೆದ ಡಯಲಿನ ಹಳೇ ಸೇಕೋಗಳಂತೂ ‘ಮುಂಬೈ ಸ್ಪೆಷಲ್’ ಅಂತ ಪ್ರಪಂಚದ ಸಂಗ್ರಹಕಾರರಲ್ಲೇ ಹೆಸರು ಪಡೆದಿವೆ. ಕಡು ಕಿತ್ತಳೆ, ಕಡು ಹಸಿರು, ಅಕ್ಷರ ಸ್ವಲ್ಪ ದಪ್ಪ, ಮೈ ಮಾತ್ರ ಉಜ್ಜಿ ಉಜ್ಜಿ ಅಂಚು ಸವೆದದ್ದು. ಅವನ್ನು ನೀರಿನ ಹತ್ತಿರ ತರಲೇಬೇಡಿ.

ಹೊಸದನ್ನೇ ಕೊಳ್ಳುವುದಾದರೆ ಅಂಗಡಿಯಲ್ಲಿ ನಿಂತೇ ನೋಡಬೇಕಾದದ್ದು ಇಷ್ಟು. ಬೆಜೆಲಿನ ತ್ರಿಕೋನ ಡಯಲಿನ 12ಕ್ಕೆ ನೇರವಾಗಿ ಕೂತಿದೆಯಾ? ಈ ಬೆಲೆಯಲ್ಲಿ ಕೂದಲೆಳೆಯಷ್ಟು ಆಚೀಚೆ ಇರುವುದು ಕಾಣಸಿಗುತ್ತದೆ, ಇನ್ನೊಂದು ಪೀಸ್ ತೆಗೆಸಿ. ಕ್ರೌನ್ ಬಿಚ್ಚಿ ಮತ್ತೆ ಸ್ಕ್ರೂ ಮಾಡಿ ನೋಡಿ, ಎಳೆ ತಪ್ಪದೆ ಮೆತ್ತಗೆ ಕೂರಬೇಕು. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ತಾರೀಕು ಹಾಕಿಸಿ. ಆನ್‌ಲೈನಿನಲ್ಲಿ ಕಮ್ಮಿ ಬೆಲೆಗೆ ಸಿಗುವ ಎಷ್ಟೋ ಓರಿಯಂಟ್, ಸೇಕೋಗಳು ಹೊರದೇಶದಿಂದ ನೇರವಾಗಿ ಬಂದವು. ಅವಕ್ಕೆ ಮಾರುವವರ ವಾರಂಟಿ ಇರುತ್ತದೆ, ಇಲ್ಲಿನ ಕಂಪನಿಯದು ಅಲ್ಲ. ಕೇಳಿ ಬರೆಸಿಕೊಳ್ಳಿ.

ಸಮುದ್ರದಿಂದ ಬಂದ ಮೇಲೆ ನಲ್ಲಿ ನೀರಿನಲ್ಲಿ ತೊಳೆಯಿರಿ, ಬೆಜೆಲ್ ತಿರುಗಿಸುತ್ತಾ ತೊಳೆಯಿರಿ, ಉಪ್ಪು ಅದರ ಕೆಳಗೇ ಕೂರುವುದು. ಕ್ರೌನ್ ಬಿಚ್ಚಬೇಡಿ. ಬಿಸಿನೀರಿನ ಸ್ನಾನಕ್ಕೆ ವಾಚು ಬೇಡ, ಬಿಸಿ ಮತ್ತು ಸೋಪು ಎರಡೂ ರಬ್ಬರಿಗೆ ಆಗುವುದಿಲ್ಲ. ಏಸಿ ಕೋಣೆಯಿಂದ ಹೊರಬಂದಾಗ ಗಾಜಿನ ಹೊರಗೆ ಮಂಜು ಕೂತರೆ ಚಿಂತೆ ಇಲ್ಲ. ಒಳಗೆ ಕೂತು ಹೋಗದಿದ್ದರೆ ತೇವ ಸೇರಿದೆ, ಅವತ್ತೇ ರಿಪೇರಿಗೆ ಕೊಡಿ. ಜೂನಿನಿಂದ ಸೆಪ್ಟೆಂಬರ್ ತನಕ ಮಳೆಗೆ ಇಲ್ಲಿ ಡೈವ್ ಬೋಟುಗಳು ನಿಂತಿರುತ್ತವೆ. ಹಳೇ ವಾಚಿಗೆ ರಬ್ಬರ್ ಹಾಕಿಸಿ ಒತ್ತಡದ ಪರೀಕ್ಷೆ ಮಾಡಿಸುವುದಿದ್ದರೆ ಆ ನಾಲ್ಕು ತಿಂಗಳಲ್ಲೇ ಮುಗಿಸಿಕೊಳ್ಳಿ. ಅಕ್ಟೋಬರ್ ಬಂದ ಮೇಲೆ ಎಲ್ಲರೂ ಒಟ್ಟಿಗೇ ತರುತ್ತಾರೆ, ನಿಮ್ಮ ಸರದಿ ಬರುವಷ್ಟರಲ್ಲಿ ಮೊದಲ ಬೋಟು ಹೋಗಿರುತ್ತದೆ.